ಕಾಣೆಯಾದ ಅಪ್ಪನ ಶನಿವಾರ

ಎರಡನೇ ಅಂತಸ್ತಿನ ತಿರುವಿಗೆ ಬರುವಷ್ಟರಲ್ಲಿ ಬುಟ್ಟಿಯೊಳಗೆ ಲ್ಯಾಪ್‌ಟಾಪು ಜಾರುತ್ತಿದೆ ಅನ್ನಿಸಿ ಇಡಾಲಿನಾ ನಿಂತಳು. ಬುಟ್ಟಿಯನ್ನು ಮೊಣಕಾಲ ಮೇಲೆ ಊರಿ, ಟವೆಲುಗಳ ಕೆಳಗೆ ಕೈತೂರಿ ಅದನ್ನು ನೇರ ಮಾಡಿದಳು. ಲ್ಯಾಪ್‌ಟಾಪಿನ ಕೆಳಗೆ ಶಾಲೆಯ ಮಿಸ್ ಕ್ವಿಗ್ಲಿ ಕೊಟ್ಟ ಕಾಗದ, ಕಾಗದದ ಕೆಳಗೆ ಅಮ್ಮನ ಪರದೆ ಫ್ಯಾಕ್ಟರಿಯ ನೀಲಿ ಅಂಗಿಗಳು. ಮೂರನೇ ಅಂತಸ್ತಿನ ಬಾಗಿಲು ಇನ್ನೂ ತೆರೆದೇ ಇತ್ತು. ‘ಸೋಪಿನ ಪುಡಿ ತಗೊಂಡ್ಯೇನೆ?’ ಎಂದು ಅಮ್ಮ ಕೂಗಿದಳು. ‘ತಗೊಂಡೆ’ ಎಂದಳು ಇವಳು. ತೆಗೆದುಕೊಂಡಿರಲಿಲ್ಲ. ಮೇಲೆ ಬಾಗಿಲು ಮುಚ್ಚಿತು, ಅದರ ಹಿಂದೆಯೇ ಅಮ್ಮ ರೇಡಿಯೋದ ಸದ್ದು ಏರಿಸಿದಳು. ಪೋರ್ಚುಗೀಸ್ ಸ್ಟೇಷನ್ನಿನಲ್ಲಿ ಯಾರೋ ಒಬ್ಬ ಗಂಡಸು ಅಜ್ಜಿಯ ಹುಟ್ಟೂರಾದ ದ್ವೀಪದ ಹವಾಮಾನ ಓದುತ್ತಿದ್ದ. ಅಮ್ಮ ಹುಟ್ಟಿದ್ದು ಅಮೆರಿಕದ ಇದೇ ಫಾಲ್ ರಿವರ್ ಊರಿನಲ್ಲಿ. ಆ ದ್ವೀಪದ ಹವಾಮಾನದಿಂದ ಅವಳಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಆದರೆ ಶನಿವಾರ ಬೆಳಿಗ್ಗೆ ಗೋಡೆಯ ಪೈಪುಗಳು ಬಡಿದುಕೊಳ್ಳಲು ಶುರುವಾದರೆ ರೇಡಿಯೋದ ಕಿವಿ ತಿರುಗುತ್ತಿತ್ತು. ನೆಲಮಾಳಿಗೆಯಲ್ಲಿ ಅಪ್ಪ ಮನೆ ಬೆಚ್ಚಗಿಡುವ ಬಾಯ್ಲರಿನ ಎದುರು ಕೂತು ಪೈಪಿನೊಳಗಿನ ಗಾಳಿ ಬಿಡಿಸುವಾಗ ಆ ಸದ್ದು ಮೂರು ಅಂತಸ್ತು ಹತ್ತಿ ಬಂದು ಇಡಾಲಿನಾಳ ಮಂಚದ ತಲೆಯ ಬಳಿ ಟಕ್ ಟಕ್ ಅನ್ನುತ್ತಿತ್ತು, ಬೆರಳಿನ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ. ಚಿಕ್ಕವಳಿದ್ದಾಗ ಅವಳು ಒಮ್ಮೆ ಚಮಚದಿಂದ ತಿರುಗಿ ಬಡಿದಿದ್ದಳು. ಅಮ್ಮ ಬಂದು ಚಮಚ ಕಸಿದುಕೊಂಡು, ಏನೂ ಬಯ್ಯದೆ, ಅದನ್ನು ತೊಳೆದು ಒರೆಸಿ ಅದರ ಜಾಗದಲ್ಲಿಟ್ಟಿದ್ದಳು.

ಅಜ್ಜಿಯ ಮನೆ ಇದು. ಮೂರು ಅಂತಸ್ತಿನ ಮರದ ಮನೆ. ಕೆಳಗೆ ಅಜ್ಜಿ, ನಡುವೆ ಬಾಡಿಗೆಗೆ ಒಂದು ನರ್ಸ್ ದಂಪತಿ, ಮೇಲೆ ಇವರಿಬ್ಬರು. ಅಪ್ಪ ಬಿಟ್ಟುಹೋದಾಗ ಅಜ್ಜಿ ಸೊಸೆಯ ಸೂಟ್‌ಕೇಸನ್ನು ಮೆಟ್ಟಿಲ ಮೇಲಿಂದ ವಾಪಸ್ ಎಳೆದುತಂದು, ‘ಹೋದವನು ಅವನು, ನೀನ್ಯಾಕೆ ಹೋಗ್ತೀಯ, ಮನೆ ನಂದು’ ಅಂದಿದ್ದಳಂತೆ. ಅಮ್ಮ ಹಾಕಿದ ಷರತ್ತು ಒಂದೇ. ಅವನು ತನ್ನ ತಾಯಿಯನ್ನು ನೋಡಲು ಬರಲಿ, ಆದರೆ ಮೆಟ್ಟಿಲು ಹತ್ತಬಾರದು. ಹತ್ತಲೂ ಇಲ್ಲ. ಬೇರೆ ಯಾವ ಮಾತನ್ನೂ ಉಳಿಸಿಕೊಳ್ಳದ ಮನುಷ್ಯ ಈ ಒಂದನ್ನು ವ್ರತದಂತೆ ಪಾಲಿಸಿಕೊಂಡು ಬಂದಿದ್ದ. ಮುಂಬಾಗಿಲ ಹತ್ತಿರ ಎದುರಾದರೆ ‘ಹವಾ ತಣ್ಣಗಾಗ್ತಿದೆ’ ಅನ್ನುತ್ತಿದ್ದ, ಅಥವಾ ‘ಹವಾ ಬೆಚ್ಚಗಾಗ್ತಿದೆ’ ಅನ್ನುತ್ತಿದ್ದ. ಇವಳು ತಲೆಯಾಡಿಸುತ್ತಿದ್ದಳು. ಇದನ್ನು ಸಂಪರ್ಕ ಅನ್ನಬಹುದೇ? ಮಿಸ್ ಕ್ವಿಗ್ಲಿ ಗುರುವಾರ ಅದನ್ನೇ ಕೇಳಿದ್ದು.

‘ಫೋನ್ ಮಾಡ್ತಾರಾ?’

‘ಇಲ್ಲ ಮಿಸ್.’

‘ದುಡ್ಡು ಕಳಿಸ್ತಾರಾ?’

‘ಇಲ್ಲ.’

‘ಈಗ ಎಲ್ಲಿದಾರೆ ಅಂತ ಗೊತ್ತಾ?’

ಅದು ನಿಜವಾಗಿಯೂ ಗೊತ್ತಿರಲಿಲ್ಲ. ಸೇತುವೆಯ ಆಚೆ ಎಲ್ಲೋ, ಯಾರ ಜೊತೆಗೋ. ಅಜ್ಜಿಗೆ ಗೊತ್ತಿತ್ತು, ಆದರೆ ಅಜ್ಜಿಯನ್ನು ಯಾರೂ ಕೇಳಿರಲಿಲ್ಲ. ‘ಇಲ್ಲ’ ಎಂದಾಗ ಮಿಸ್ ಕ್ವಿಗ್ಲಿಯ ಮುಖ ಅರಳಿತು. ಅವಳು ಕೆಟ್ಟವಳಲ್ಲ. ಈ ಶಾಲೆಯಲ್ಲಿ ನೂರಾರು ಮಕ್ಕಳ ಕಾಲೇಜಿನ ಅರ್ಜಿಗಳನ್ನು ಒಬ್ಬಳೇ ನೋಡುತ್ತಾಳೆ, ಮಧ್ಯಾಹ್ನದ ಊಟವನ್ನು ಕೀಬೋರ್ಡಿನ ಪಕ್ಕದಲ್ಲೇ ಮುಗಿಸುತ್ತಾಳೆ. ಬೋರ್ಡಿನ ಮೇಲೆ ಬರೆದಿರುವ ಫೀಸನ್ನು ನೋಡಿ ಹೆದರಬೇಡಿ, ಅಷ್ಟನ್ನು ಯಾರೂ ಕೊಡುವುದಿಲ್ಲ, ಕಾರ್ಪೆಟ್ ಅಂಗಡಿಯ ಹಾಗೆ ಎಂದು ಮೊದಲ ದಿನವೇ ಹೇಳಿಕೊಟ್ಟವಳು ಅವಳೇ. ಇಡಾಲಿನಾ ಹಾಗೆಯೇ ಕಾಲೇಜುಗಳನ್ನು ಆರಿಸಲು ಕಲಿತಳು. ಏನು ಕಲಿಸುತ್ತಾರೆ ಎನ್ನುವುದಕ್ಕಿಂತ ಮೊದಲು ಯಾರು ಎಷ್ಟು ಬಿಡುತ್ತಾರೆ ಎಂದು ನೋಡಲು, ಸುಂದರವಾದ ಫೋಟೋಗಳಿದ್ದವನ್ನು ಮೊದಲು ಹೊಡೆದುಹಾಕಲು. ಗೆಳತಿಯರು ಕಾಲೇಜಿನ ಬಣ್ಣದ ಸ್ವೆಟರುಗಳ ಬಗ್ಗೆ ಮಾತಾಡುವಾಗ ಅವಳು ತೂಕ ಮಾಡಿಸಿಕೊಂಡು ತರಕಾರಿ ಕೊಳ್ಳುವವಳ ಹಾಗೆ ತುಟಿ ಬಿಗಿಹಿಡಿದು ಕೂತಿರುತ್ತಿದ್ದಳು. ಅವಳಿಗೆ ತನ್ನ ಆ ತುಟಿಯ ಮೇಲೇ ಸಿಟ್ಟು ಬರುತ್ತಿತ್ತು. ಹದಿನೇಳು ವರ್ಷಕ್ಕೆ ಅದು ಅಮ್ಮನ ತುಟಿಯಾಗಿಬಿಟ್ಟಿತ್ತು.

ಕೊನೆಗೆ ಎರಡು ಉಳಿದವು. ಹತ್ತಿರದ ಸರ್ಕಾರಿ ಕಾಲೇಜು ಅಪ್ಪನನ್ನು ಕೇಳುವುದಿಲ್ಲ, ಜೊತೆಗಿರುವ ಅಮ್ಮ ಸಾಕು. ಆದರೆ ಅದು ಕೊಟ್ಟ ನೆರವಿನ ಅರ್ಧ ಸಾಲ, ಮತ್ತು ಅಲ್ಲಿ ಅವಳಿಗೆ ಬೇಕಾದ ವಿಷಯವೇ ಇಲ್ಲ. ಇನ್ನೊಂದು, ಉತ್ತರದಲ್ಲಿ, ಬೆಟ್ಟದ ಮೇಲಿನ ಕಾಲೇಜು. ಮನೆಯವರ ಕೈಲಾಗದ್ದನ್ನೆಲ್ಲ ಅವರೇ ತುಂಬುತ್ತಾರೆ, ಸಾಲವಿಲ್ಲದೆ. ಆದರೆ ಕೈಲಾಗುವುದಿಲ್ಲ ಎಂದು ಇಬ್ಬರು ಹೆತ್ತವರೂ ತೋರಿಸಬೇಕು, ಬೇರೆಯಾಗಿದ್ದರೂ ಸರಿ. ಅಮ್ಮ ತನ್ನ ಪಾಲಿನ ಫಾರಂ ಅನ್ನು ಒಂದು ಭಾನುವಾರ ಚರ್ಚಿನಿಂದ ಬಂದು, ಕೋಟು ಕೂಡ ಬಿಚ್ಚದೆ, ಪರೀಕ್ಷೆಗೆ ಕೂತವಳ ಹಾಗೆ ಬರೆದು ಮುಗಿಸಿದ್ದಳು. ಕಾಲೇಜಿನ ವೆಬ್‌ಸೈಟಿನಲ್ಲಿ ಅಪ್ಪನ ಹೆಸರಿನ ಮುಂದೆ ಮಾತ್ರ ಕೆಂಪು ಗುರುತು. ಜೆರ್ವಾಸಿಯೊ ಪಚೆಕೊ: ಬಂದಿಲ್ಲ. ಅವಳು ಅಜ್ಜಿಯ ಫೋನಿನಿಂದ ಅವನ ಇಮೇಲ್ ವಿಳಾಸ ಕದ್ದು ಲಿಂಕ್ ಕಳಿಸಿದಳು. ಬಂದಿಲ್ಲ. ಕಾಲೇಜಿನವರು ನೆನಪಿಸಿದರು, ಮತ್ತೆ ನೆನಪಿಸಿದರು, ಪ್ರತಿ ಸಲವೂ ‘ನಿಮ್ಮ ಕುಟುಂಬಕ್ಕೆ ಶುಭಾಶಯಗಳು’ ಎಂದು ಮುಗಿಸಿದರು. ಬಂದಿಲ್ಲ. ಬಸ್ಸಿನಲ್ಲಿ, ಕ್ಲಾಸಿನಲ್ಲಿ, ಬಚ್ಚಲಲ್ಲಿ ಅವಳು ಫೋನ್ ತೆಗೆದು ಆ ಕೆಂಪು ಗುರುತನ್ನು ನೋಡುತ್ತಿದ್ದಳು. ಶನಿವಾರ ಅದನ್ನು ನೋಡುತ್ತಿರುವಾಗಲೇ ತಲೆಯ ಹತ್ತಿರ ಪೈಪು ಟಕ್ ಟಕ್ ಅನ್ನುತ್ತಿತ್ತು. ಬರುವ ಸೋಮವಾರ ಕೊನೆಯ ದಿನ.

ಆ ಕಾಲೇಜಿಗೆ ಶಾಲೆಯಿಂದ ಒಮ್ಮೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದರು. ಉಳಿದವರೆಲ್ಲ ಈಜುಕೊಳ ನೋಡಲು ಹೋದಾಗ ಅವಳು ದಾರಿ ತಪ್ಪಿ ಒಂದು ಕಟ್ಟಡದ ತಳದ ಕೋಣೆಗೆ ಇಳಿದಿದ್ದಳು. ಗಾಜಿನ ಪೆಟ್ಟಿಗೆಯೊಳಗೆ ಒಂದು ಯಂತ್ರ, ನಿಧಾನವಾಗಿ ತಿರುಗುವ ಉರುಳೆ, ಅದರ ಮೇಲೊಂದು ಮುಳ್ಳು. ನೆಲದ ನಡುಕವನ್ನು ಬರೆಯುವ ಯಂತ್ರ. ಈಗ ಕಂಪ್ಯೂಟರೇ ಎಲ್ಲ ಬರೆಯುತ್ತದೆ, ಇದನ್ನು ನೋಡಲು ಚೆಂದ ಅಂತ ಇಟ್ಟಿದ್ದೇವೆ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಇಡಾಲಿನಾ ನೆಲಕ್ಕೆ ಮೆತ್ತಗೆ ಕಾಲು ಕುಟ್ಟಿದಳು. ಮುಳ್ಳು ಅಲುಗಿತು. ಭೂಮಿಯ ಮೇಲೆ ಎಲ್ಲೋ ದೂರದಲ್ಲಿ ಏನೋ ಕದಲುವುದನ್ನು ಇಲ್ಲಿ ಕೂತು ಕೇಳಿಸಿಕೊಳ್ಳುವುದೇ ಒಬ್ಬ ಮನುಷ್ಯನ ಕೆಲಸವಾಗಬಹುದು, ಅದಕ್ಕೆ ಸಂಬಳ ಕೊಡುತ್ತಾರೆ ಎನ್ನುವುದು ಅವಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಅವಳು ಯಾರ ಜೊತೆಗೂ ಮಾತಾಡಲಿಲ್ಲ. ಮನೆಯಲ್ಲಿ ಅಜ್ಜಿಗೆ ಹೇಳಿದಾಗ ಅಜ್ಜಿ ತನ್ನ ಎಪ್ರನ್ನಿನಲ್ಲೇ ಕಣ್ಣೊರೆಸಿಕೊಂಡು ನಕ್ಕಳು. ಅವಳು ಹುಟ್ಟಿದ, ಪೋರ್ಚುಗಲ್ಲಿನ ಫಯಾಲ್ ದ್ವೀಪದಲ್ಲಿ ಬೆಂಕಿ ಬೆಟ್ಟ ಎದ್ದಾಗ ಅವಳಿನ್ನೂ ಹುಡುಗಿ. ಒಣಹಾಕಿದ ಬಟ್ಟೆಯ ಮೇಲೆಲ್ಲ ಬೂದಿ ಬಿದ್ದು, ಕೊಡವಿದಷ್ಟೂ ಬಿದ್ದು, ಕೊನೆಗೆ ಊರಿಗೆ ಊರೇ ಅಮೆರಿಕದ ಹಡಗು ಹತ್ತಿತ್ತು. ‘ನಮ್ಮೂರಲ್ಲಿ ನೆಲ ಅಲ್ಲಾಡೋದು ನೋಡೋಕ್ಕೆ ಯಾರೂ ಫೀಸ್ ಕಟ್ತಿರಲಿಲ್ಲ ಕಣೇ,’ ಅಂದಳು.

ಅಪ್ಪ ಎಲ್ಲಿದ್ದಾನೋ ತಿಳಿಯದಿದ್ದರೆ, ಅವನ ಜೊತೆ ಸಂಪರ್ಕವೇ ಇಲ್ಲದಿದ್ದರೆ, ಹೊರಗಿನವರು ಯಾರಾದರೂ ಹಾಗೆಂದು ಬರೆದುಕೊಟ್ಟರೆ, ಹುಡುಗಿಯೂ ಅದರ ಕೆಳಗೆ ಸಹಿ ಹಾಕಿದರೆ, ಕಾಲೇಜು ಅವನನ್ನು ಬಿಟ್ಟುಬಿಡುತ್ತದೆ. ಮಿಸ್ ಕ್ವಿಗ್ಲಿ ಗುರುವಾರ ತನ್ನ ಪತ್ರವನ್ನು ಅಲ್ಲೇ ಟೈಪ್ ಮಾಡಿದಳು. ಸ್ಯಾಂಡ್‌ವಿಚ್ಚಿನ ಚೂರುಗಳನ್ನು ಕೀಬೋರ್ಡಿನಿಂದ ಊದುತ್ತ, ಒಳ್ಳೆಯ ಉತ್ಸಾಹದಲ್ಲಿ. ಈ ವಿದ್ಯಾರ್ಥಿನಿಯ ತಂದೆ ಎಲ್ಲಿದ್ದಾರೆಂದು ಕುಟುಂಬಕ್ಕೆ ತಿಳಿದಿಲ್ಲ. ಎಷ್ಟೋ ವರ್ಷಗಳಿಂದ ಯಾವ ಸಂಪರ್ಕವೂ ಇಲ್ಲ.

‘ಶನಿವಾರ…’ ಎಂದಿದ್ದಳು ಇಡಾಲಿನಾ.

‘ಶನಿವಾರ ಏನು?’

‘ಅಜ್ಜಿ ಮನೆಗೆ ಬರ್ತಾರೆ, ಮಿಸ್. ಬಾಯ್ಲರ್ ನೋಡೋಕ್ಕೆ.’

ಮಿಸ್ ಕ್ವಿಗ್ಲಿಯ ಬೆರಳುಗಳು ನಿಂತವು. ಅವಳು ಬಾಗಿಲ ಕಡೆ ನೋಡಿದಳು. ‘ನೀನು ನೋಡ್ತೀಯಾ ಅವರನ್ನ?’

‘ಕೇಳಿಸುತ್ತೆ.’

‘ಕೇಳಿಸೋದು ನೋಡಿದ ಹಾಗಲ್ಲ,’ ಎಂದಳು ಮಿಸ್ ಕ್ವಿಗ್ಲಿ. ‘ಇಡಾ, ನೋಡು. ಈ ದೇಶದಲ್ಲಿ ಹುಡುಗ್ರು ಎಂತೆಂಥದೋ ಬರೀತಾರೆ. ನೀನು ನಿಜ ಹೇಳೋಕ್ಕೆ ಹೋಗಿ ಸೀಟ್ ಕಳ್ಕೋಬೇಡ. ನಿನ್ನ ಪ್ರಬಂಧದಲ್ಲೂ ಕೆಳಗಿನ ಮನೆಯ ಸದ್ದು ಅಂತ ಒಂದು ಪ್ಯಾರಾ ಇತ್ತಲ್ಲ, ನಾನು ತೆಗೆಸಿದೆ. ಚೆನ್ನಾಗಿತ್ತು. ಆದ್ರೆ ಇಲ್ಲದವರು ಸದ್ದು ಮಾಡಬಾರದು.’ ಹೀಗೆಂದು ಅವಳೇ ನಕ್ಕಳು. ನಕ್ಕದ್ದಕ್ಕೆ ನಾಚಿ ಮೇಜಿನ ಡ್ರಾಯರಿನಿಂದ ಒಂದು ಚಾಕ್ಲೇಟು ತೆಗೆದುಕೊಟ್ಟಳು. ಇಡಾಲಿನಾ ಅದನ್ನು ತಿಂದಳು. ಕಾರಿಡಾರಿನಲ್ಲಿ ನಿಂತು, ಅಂಟಿದ ಹಲ್ಲುಗಳನ್ನು ನಾಲಗೆಯಿಂದ ಬಿಡಿಸಿಕೊಳ್ಳುತ್ತ, ತಾನು ಈಗ ಏನನ್ನೋ ಒಪ್ಪಿಕೊಂಡಾಯಿತು, ಕೂಲಿಯನ್ನೂ ತೆಗೆದುಕೊಂಡಾಯಿತು ಎಂದು ಯೋಚಿಸಿದಳು.

ಆ ರಾತ್ರಿಯ ಊಟದ ಹೊತ್ತಿಗೆ ಅಮ್ಮನಿಗೂ ಪತ್ರ ತೋರಿಸಿದಳು. ಅಮ್ಮ ಓದಿ, ‘ಇದರಲ್ಲಿ ಯಾವುದು ಸುಳ್ಳು?’ ಎಂದಳು.

‘ಅಮ್ಮ, ಎಲ್ಲಾ ಸುಳ್ಳು.’

‘ನನ್ನ ಮಟ್ಟಿಗೆ ಎಲ್ಲಾ ನಿಜ. ಸತ್ತ ಅಂತ ಬರೆದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಸಹಿ ಹಾಕು, ಹಾಕಿ ಹೋಗು. ನಾನೇನು ಇಲ್ಲೇ ಪರದೆಗೆ ಉಂಗುರ ಹೊಲೀತಾ ಕೂತ್ಕೋ ಅಂತ ನಿನ್ನ ಹೆತ್ತೆನಾ?’ ಅಷ್ಟು ಹೇಳಿ ಅವಳ ಬಟ್ಟಲಿಗೆ ಇನ್ನೊಂದು ಮೀನು ಹಾಕಿದಳು. ಅಮ್ಮ ತುಂಬ ಸಿಟ್ಟಾದಾಗ ಮಾಡುವುದೇ ಅದು, ಬಡಿಸುವುದು. ಇಡಾಲಿನಾ ಶುಕ್ರವಾರ ಪೂರ್ತಿ ಪೆನ್ನು ಹಿಡಿದು ಕೂತಿದ್ದಳು. ಸಹಿ ಎನ್ನುವುದು ಎಷ್ಟು ಹೊತ್ತಿನ ಕೆಲಸ, ಒಂದು ಗೀಟು. ಕೈ ಕಾಗದದ ಹತ್ತಿರ ಹೋಗುತ್ತಿತ್ತು, ಹೋಗಿ ಕಾಗದದ ಮೇಲೆ ಇಲ್ಲದ ಧೂಳನ್ನು ಒರೆಸಿ ವಾಪಸ್ ಬರುತ್ತಿತ್ತು. ಇದು ಅಪ್ಪನ ಮೇಲಿನ ಪ್ರೀತಿಯೇ ಎಂದು ತನ್ನನ್ನೇ ಕೇಳಿಕೊಂಡಳು. ಅಲ್ಲ. ಶನಿವಾರ ಬೆಳಿಗ್ಗೆ ಪೈಪು ಬಡಿದುಕೊಂಡ ಕ್ಷಣ, ಯಾರೂ ಹೇಳದೆ, ಅವಳು ಎದ್ದು ಕೊಳೆ ಬಟ್ಟೆಗಳನ್ನು ಬುಟ್ಟಿಗೆ ತುಂಬತೊಡಗಿದಳು.

‘ಒಗೆಯೋಕ್ಕೆ ಇಳಿದ್ಯಾ?’

ಕೆಳಗಿನ ಅಂತಸ್ತಿನಲ್ಲಿ ಅಜ್ಜಿ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ಒಳಗಿಂದ ಎಲೆಕೋಸಿನ ಸೊಪ್ಪು, ಹಂದಿಮಾಂಸದ ಸಾಸೇಜು ಬೇಯುವ ಘಮ. ಶನಿವಾರದ ಸೂಪು.

‘ಹೂಂ ಅಜ್ಜಿ.’

‘ಶನಿವಾರ?’

‘ಅಮ್ಮನ ಅಂಗಿ ಕೊಳೆ ಆಗಿತ್ತು.’

‘ಏಳು ವರ್ಷದಿಂದ ನಿಮ್ಮ ಮನೇಲಿ ಶನಿವಾರ ಒಬ್ಬರೂ ಕೆಳಗೆ ಬಟ್ಟೆ ಒಗೆಯೋಕ್ಕೆ ಬಂದಿಲ್ಲ. ನಿಮ್ಮಮ್ಮಂಗೆ ಅಷ್ಟೂ ಗೊತ್ತಾಗಲ್ವಾ? ನೀನು ಬುಟ್ಟಿ ಎತ್ಕೊಂಡಾಗ ಏನಂದ್ಲು?’

ಸೋಪಿನ ಪುಡಿ ತಗೊಂಡ್ಯೇನೆ ಅಂದಿದ್ದಳು. ಕಪಾಟಿನ ಮೇಲೆ ಕಣ್ಣಿಗೆ ಹೊಡೆಯುವ ಹಾಗೆ ಪುಡಿಯ ಡಬ್ಬ ಕೂತಿತ್ತು. ಅಮ್ಮ ಅದರ ಎದುರಿಗೇ ನಿಂತಿದ್ದಳು. ಇಡಾಲಿನಾಳಿಗೆ ಕಿವಿಯ ತುದಿಯವರೆಗೂ ಬಿಸಿಯಾಯಿತು. ಈ ಮನೆಯಲ್ಲಿ ಗುಟ್ಟು ಎನ್ನುವುದು ಒಬ್ಬರಿಗಾಗಿ ಇನ್ನೊಬ್ಬರು ಮಾಡುವ ನಟನೆ ಮಾತ್ರ. ಮೂರು ಅಂತಸ್ತಿನಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುತ್ತದೆ, ಎಲ್ಲರೂ ರೇಡಿಯೋ ಏರಿಸುತ್ತಾರೆ. ಹಾಗಿದ್ದರೆ ಅಮ್ಮ ಅವಳನ್ನು ಕಳಿಸಿದಳೇ? ಪತ್ರಕ್ಕೆ ಸಹಿ ಹಾಕು ಎಂದವಳೇ ಸೋಪಿನ ಡಬ್ಬದೆದುರು ನಿಂತು ದಾರಿ ಬಿಟ್ಟಳೇ? ಅಥವಾ, ಹೋಗಲಿ, ಹೋಗಿ ಅವನ ಬಾಯಿಂದಲೇ ಕೇಳಿಸಿಕೊಂಡು ಬರಲಿ, ಆಮೇಲೆ ಬುದ್ಧಿ ಬರುತ್ತದೆ ಎಂದುಕೊಂಡಳೇ? ಅಮ್ಮನ ಒಳ್ಳೆಯತನವನ್ನೂ ಸೇಡನ್ನೂ ಬೇರೆ ಬೇರೆ ಮಾಡಿ ನೋಡಲು ಅವಳಿಗೆ ಎಂದೂ ಆಗಿರಲಿಲ್ಲ.

‘ಓದಿನ ವಿಷಯ ತಾನೆ?’ ಅಂದಳು ಅಜ್ಜಿ. ‘ಹೋಗಿ ಕೇಳು. ಆದ್ರೆ ಅವನ ಹತ್ರ ದುಡ್ಡಿಲ್ಲ ಮಗಳೇ, ಮೊದಲೇ ಹೇಳ್ತೀನಿ.’

‘ದುಡ್ಡು ಬೇಡ ಅಜ್ಜಿ. ಇಲ್ಲ ಅಂತ ಹೇಳಿದ್ರೆ ಸಾಕು.’

ಅಜ್ಜಿ ಅವಳನ್ನೇ ನೋಡಿದಳು. ‘ಅಯ್ಯೋ,’ ಅಂದಳು ಮೆತ್ತಗೆ. ‘ಅದನ್ನ ಹೇಳಿಸೋದು ದುಡ್ಡು ಬಿಡಿಸೋದಕ್ಕಿಂತ ಕಷ್ಟ. ಅವನಪ್ಪನೂ ಹಾಗೇ. ಸಂಬಳ ಬಂದ ದಿನ ಬ್ರೆಡ್ಡಿನ ಡಬ್ಬದ ಕೆಳಗೆ ಇಟ್ಟು ಹೋಗ್ತಿದ್ದ. ಎಷ್ಟು ಬಂತು, ಎಷ್ಟು ಇಟ್ಕೊಂಡ ಅಂತ ಸಾಯೋವರೆಗೂ ನಂಗೆ ಗೊತ್ತಾಗ್ಲಿಲ್ಲ. ಬಟ್ಟೆ ಬಿಚ್ಚಿ ನಿಂತ್ಕೋ ಅಂದ್ರೂ ನಿಂತ್ಕೋತಾರೆ, ಎಷ್ಟು ದುಡೀತೀಯ ಅಂದ್ರೆ ಎದ್ದು ಹೋಗ್ತಾರೆ.’ ಒಂದು ಬಟ್ಟಲು ಸೂಪನ್ನು ತುಂಬಿ, ಬುಟ್ಟಿಯ ಟವೆಲಿನ ಮೇಲೆ ಗಟ್ಟಿಯಾಗಿ ಕೂರಿಸಿದಳು. ‘ಇದನ್ನ ಕೊಡು. ಹೊಟ್ಟೆ ತುಂಬಿದಾಗ ಸ್ವಲ್ಪ ಮನುಷ್ಯ ಆಗ್ತಾನೆ.’

ನೆಲಮಾಳಿಗೆಯ ಮೆಟ್ಟಿಲು ಇಳಿಯುವಾಗ ಸೂಪು ತುಳುಕಿ ಟವೆಲಿಗೆ ಇಳಿಯಿತು. ಲ್ಯಾಪ್‌ಟಾಪು ಶಾಲೆಯದು. ಅದಕ್ಕೆ ಸೂಪು ಹೋದರೆ ಅದರ ಬೆಲೆಯೂ ಅಮ್ಮನ ತಲೆಗೆ. ಈ ಯೋಚನೆಯಲ್ಲೇ ಅವಳು ಕೊನೆಯ ಮೆಟ್ಟಿಲಿಗೆ ಬಂದಳು, ಏನು ಮಾತಾಡಬೇಕು ಎಂದು ಕಟ್ಟಿಕೊಂಡಿದ್ದ ವಾಕ್ಯಗಳೆಲ್ಲ ಮೇಲೆಯೇ ಉಳಿದವು. ಅವನು ಬಾಯ್ಲರಿನ ಮುಂದೆ ಮಂಡಿಯೂರಿ, ಬೆನ್ನು ತೋರಿಸಿ ಕೂತಿದ್ದ. ‘ಅಲ್ಲೇ ಇಡಮ್ಮ,’ ಅಂದ, ತನ್ನ ತಾಯಿ ಎಂದುಕೊಂಡು, ತಿರುಗದೆ. ಗೋಡೆಗೆ ಗಾರೆ ಬಳಿಯುವವನ ಬಿಳಿ ಪುಡಿ ಅವನ ಕತ್ತಿನ ಮಡಿಕೆಗಳಲ್ಲಿ ಕೂತಿತ್ತು. ಕತ್ತಿನ ಮೇಲೆ ಕೂದಲು ಸುಳಿಯಾಗಿ ಎಡಕ್ಕೆ ತಿರುಗಿತ್ತು. ಅದೇ ಸುಳಿಯನ್ನು ಅಮ್ಮ ಇವಳ ತಲೆ ಬಾಚುವಾಗ ನೀರು ಹಚ್ಚಿ, ಪಿನ್ನು ಚುಚ್ಚಿ, ಎಷ್ಟೋ ಬೆಳಿಗ್ಗೆ ನೇರ ಮಾಡಲು ಹೆಣಗಿದ್ದಳು.

‘ನಾನು,’ ಎಂದಳು.

ಅವನು ಎದ್ದ. ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ, ಚಿಂದಿಯೊಂದನ್ನು ಹುಡುಕಿ ಮತ್ತೆ ಒರೆಸಿಕೊಂಡ. ಯಾರೋ ಅವನ ಕೈಕುಲುಕುತ್ತಾರೆ ಎನ್ನುವ ಹಾಗೆ ಬೆರಳು ಬೆರಳನ್ನೂ ಒರೆಸಿಕೊಂಡ.

‘ಹವಾ ತಣ್ಣಗಾಗ್ತಿದೆ,’ ಅಂದ.

‘ಲಿಂಕ್ ಕಳಿಸಿದ್ದೆ. ನೋಡಿದ್ಯಾ?’

‘ಏನೋ ಬಂದಿತ್ತು. ನಾನು ಇಂಥವನ್ನೆಲ್ಲ ಒತ್ತಲ್ಲಮ್ಮ. ನಮ್ಮ ಜೊತೆ ಕೆಲಸ ಮಾಡೋನೊಬ್ಬ ಒತ್ತಿ, ಬ್ಯಾಂಕಲ್ಲಿದ್ದದ್ದೆಲ್ಲ ಹೋಯ್ತು.’

ಅವಳು ಬುಟ್ಟಿಯನ್ನು ಕೆಳಗಿಟ್ಟು, ಬಟ್ಟಲನ್ನು ಅವನ ಕೈಗೆ ಕೊಟ್ಟು, ವಾಷಿಂಗ್ ಮೆಷಿನ್ನಿನ ಮೇಲೆ ಲ್ಯಾಪ್‌ಟಾಪನ್ನು ತೆರೆದಳು. ತನ್ನ ದನಿ ಮಿಸ್ ಕ್ವಿಗ್ಲಿಯ ದನಿಯಂತೆ ಕೇಳಿಸುತ್ತಿದೆ, ಚುರುಕಾಗಿ, ಕರುಣೆಯಿಂದ, ಗಡಿಯಾರದ ಕಡೆ ಕಣ್ಣಿಟ್ಟು ಎಂದು ಅವಳಿಗೆ ಗೊತ್ತಾಗುತ್ತಿತ್ತು. ಆದರೂ ನಿಲ್ಲಿಸಲಾಗಲಿಲ್ಲ. ಬೆಟ್ಟದ ಮೇಲಿನ ಕಾಲೇಜು. ಸೀಟು ಸಿಕ್ಕಿದೆ. ನೆರವು ಸಿಗುತ್ತದೆ. ನಿನ್ನದು ಒಂದು ಬಾಕಿ. ಹೆಸರು, ಕೆಲಸ, ವರ್ಷಕ್ಕೆ ಎಷ್ಟು ಬರುತ್ತದೆ, ಕೊನೆಗೊಂದು ಸಹಿ. ಸೋಮವಾರದೊಳಗೆ. ಸೀಟು ಸಿಕ್ಕಿದೆ ಎಂಬಲ್ಲಿ ಅವನ ಚಮಚ ನಿಂತಿತು. ಮೇಲಿನವರು ಯಾರೂ ಅವನಿಗೆ ಹೇಳಿರಲಿಲ್ಲ ಎಂದು ಆಗ ಅವಳಿಗೆ ಹೊಳೆಯಿತು. ಅಜ್ಜಿಯೂ ಹೇಳಿರಲಿಲ್ಲ. ಅಲ್ಲಿ ಒಂದು ಕ್ಷಣ ಬಿಟ್ಟಿದ್ದರೆ ಅವನು ಏನಾದರೂ ಅನ್ನುತ್ತಿದ್ದನೋ ಏನೋ. ಅವಳು ಬಿಡಲಿಲ್ಲ, ಸೋಮವಾರದವರೆಗೂ ಒಂದೇ ಉಸಿರಿನಲ್ಲಿ ಹೋಗಿಬಿಟ್ಟಳು.

‘ಇದಕ್ಕೆ ಸಹಿ ಹಾಕಿದ್ರೆ ನಾನು ಕೊಡಬೇಕು,’ ಅಂದ.

‘ಕೊಡಬೇಕಾಗಿಲ್ಲ. ನಿನ್ನ ಹತ್ರ ಇಲ್ಲ ಅಂತ ತೋರಿಸಿದ್ರೆ ಅವರೇ ಕೊಡ್ತಾರೆ.’

‘ಇಲ್ಲ ಅನ್ನೋದಕ್ಕೆ ಸಹಿ ಯಾಕೆ? ಬಂದು ನೋಡ್ಲಿ.’

‘ಹಾಗೆಲ್ಲ ಬರಲ್ಲ ಅಪ್ಪ ಅವರು.’

‘ನಿಮ್ಮ ಚಿಕ್ಕಪ್ಪನ ದೋಣಿ ಸಾಲಕ್ಕೂ ಹಿಂಗೇ ಅಂದ್ರು. ಬರೀ ಒಂದು ಸಹಿ, ನೀನೇನೂ ಕೊಡಬೇಕಾಗಿಲ್ಲ ಅಂತ. ದೋಣಿನೂ ಹೋಯ್ತು, ನನ್ನ ಟ್ರಕ್ಕೂ ಹೋಯ್ತು.’

‘ಇದು ದೋಣಿ ಅಲ್ಲ!’ ಅವಳ ದನಿ ಏರಿತು. ಮೇಲೆ ಅಜ್ಜಿಯ ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ‘ಎಷ್ಟು ದುಡೀತೀಯ ಅಂತ ಕೇಳ್ತಿದ್ದಾರೆ. ಒಂದು ಸಂಖ್ಯೆ. ಒಂದೇ ಒಂದು ಸಂಖ್ಯೆ ಹೇಳು, ನಾನೇ ಟೈಪ್ ಮಾಡ್ತೀನಿ, ಆ ಕಡೆ ತಿರುಗ್ಕೊಂಡು ಹೇಳು ಬೇಕಾದ್ರೆ.’

ಅವನು ನಿಜವಾಗಿಯೂ ಆ ಕಡೆ ತಿರುಗಿದ. ಬಟ್ಟಲನ್ನು ಬಾಯ್ಲರಿನ ಮೇಲಿಟ್ಟ. ಬಾಯ್ಲರಿನ ಸಣ್ಣ ಕಿಟಕಿಯಲ್ಲಿ ನೀಲಿ ಬೆಂಕಿ ಕುಣಿಯುತ್ತಿತ್ತು. ಅದನ್ನೇ ನೋಡುತ್ತ ನಿಂತ. ಅವಳು ಬೆರಳುಗಳನ್ನು ಕೀಲಿಗಳ ಮೇಲಿಟ್ಟು ಕಾದಳು. ಅವನ ಬಾಯಿಂದ ಆ ಸಂಖ್ಯೆ ಬೀಳುತ್ತದೆ, ಬಿದ್ದ ಕೂಡಲೇ ಹಿಡಿದುಬಿಡಬೇಕು ಎನ್ನುವ ಹಾಗೆ. ಅದು ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು. ಅವನು ಬಡವನಾಗಿದ್ದಷ್ಟೂ ಅವಳಿಗೆ ಬೆಟ್ಟ ಹತ್ತಿರ. ದೇವರೇ, ಇವನ ಹತ್ತಿರ ಏನೂ ಇಲ್ಲದಿರಲಿ ಎಂದು ತಾನು ಬೇಡಿಕೊಳ್ಳುತ್ತಿದ್ದೇನೆ ಎಂದು ಅವಳಿಗೆ ತಿಳಿದು, ಬೆರಳುಗಳು ಕೀಲಿಗಳ ಮೇಲೆ ಬೆವರಿದವು.

‘ಅಷ್ಟು ಬರೆದ್ರೆ ನಗ್ತಾರೆ,’ ಅಂದ ಕೊನೆಗೆ.

‘ಯಾರು?’

‘ಅಲ್ಲಿ ಈ ಫಾರಂ ಓದೋರು. ಕೋಟು ಹಾಕ್ಕೊಂಡಿರ್ತಾರಲ್ಲ, ಅವರು. ಇಷ್ಟು ದುಡಿಯೋನಿಗೆ ಮಗಳು ಬೇರೆ ಅಂತಾರೆ.’

‘ನಗಲ್ಲ. ನಗೋದಕ್ಕೆ ಅವರಿಗೆ ಪುರುಸೊತ್ತಿಲ್ಲ. ಅಪ್ಪ, ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇದು. ನಿಂಗೆ ಅರ್ಥ ಆಗ್ತಿಲ್ಲ.’

‘ನಂಗೆ ಅರ್ಥ ಆಯ್ತಮ್ಮ,’ ಅಂದ ಅವನು ಮೆಲ್ಲಗೆ. ‘ಕಮ್ಮಿ ಇದ್ರೆ ಒಳ್ಳೇದು. ಅರ್ಥ ಆಯ್ತು.’

ಅವಳಿಗೆ ಅತ್ತುಬಿಡುತ್ತೇನೆ ಅನ್ನಿಸಿತು. ಅಳು ಬರಲಿಲ್ಲ, ಬದಲಿಗೆ ಬುಟ್ಟಿಗೆ ಕೈಹಾಕಿ, ಅಮ್ಮನ ಅಂಗಿಗಳ ಮೇಲಿಂದ ಆ ಕಾಗದವನ್ನು ಎಳೆದು ಅವನ ಎದೆಗೆ ಹಿಡಿದಳು. ‘ನೀನು ಬರೀದೇ ಇದ್ರೆ ಇದಕ್ಕೆ ಸಹಿ ಹಾಕಬೇಕು. ಓದು.’ ಇದನ್ನು ತೋರಿಸಿದರೆ ಅವನಿಗೆ ನೋವಾಗುತ್ತದೆ, ನೋವಾದರೆ ಬರೆಯುತ್ತಾನೆ. ಇಷ್ಟು ನೀಚ ಲೆಕ್ಕವನ್ನು ಅವಳು ಮೆಟ್ಟಿಲ ಮೇಲೆಯೇ ಹಾಕಿಟ್ಟುಕೊಂಡಿದ್ದಳು, ಆದರೆ ಬಳಸುವುದಿಲ್ಲ ಎಂದುಕೊಂಡಿದ್ದಳು.

ಅವನು ಕಾಗದವನ್ನು ಬಲ್ಬಿನ ಕೆಳಗೆ ಹಿಡಿದು ನಿಧಾನವಾಗಿ, ತುಟಿ ಅಲುಗಿಸುತ್ತ ಓದಿದ. ಅವಳು ಅವನ ಮುಖವನ್ನು ಕಾಯುತ್ತಿದ್ದಳು. ಒಂದು ಸಾಲು ಮುಗಿಸಿ ಹಿಂದಕ್ಕೆ ಹೋದ, ಮತ್ತೆ ಓದಿದ. ಆಮೇಲೆ ಅವನ ಹಣೆಯ ಗೆರೆಗಳು ಒಂದೊಂದಾಗಿ ಬಿಡಿಸಿಕೊಂಡವು. ಗಾರೆಯ ಪುಡಿ ಹತ್ತಿದ ಹುಬ್ಬುಗಳು ಮೇಲೆದ್ದವು. ಅವನು ನಗುತ್ತಿದ್ದ. ವ್ಯಂಗ್ಯದ ನಗೆಯಲ್ಲ, ಬಿಗಿಯಾದ ಬೂಟು ಕಳಚಿದವನ ನಗೆ.

‘ಇದು ಚೆನ್ನಾಗಿದೆಯಲ್ಲ!’ ಅಂದ. ‘ಇದನ್ನ ಮೊದಲೇ ತೋರಿಸೋದಲ್ವಾ? ಯಾರು ಬರೆದ್ರು, ಟೀಚರ್ರಾ? ಬುದ್ಧಿವಂತೆ.’

‘ಅದರಲ್ಲಿ ನೀನು ಕಾಣೆಯಾಗಿದ್ದೀಯ ಅಂತಿದೆ.’

‘ಇರ್ಲಿ ಬಿಡು. ಏನಂತೆ ಈಗ? ಇದರಲ್ಲಿ ಸಂಖ್ಯೆ ಗಿಂಖ್ಯೆ ಏನೂ ಇಲ್ಲ.’ ಅವನ ದನಿ ಹಗುರಾಗಿ, ಮಾತು ಮಾತಿನ ಮೇಲೆ ಬಿದ್ದು ಓಡತೊಡಗಿತು. ಅವಳ ಜೊತೆ ಅವನು ಇಷ್ಟು ಮಾತಾಡಿದ್ದು ಅವಳಿಗೆ ನೆನಪೇ ಇರಲಿಲ್ಲ. ‘ಮಧ್ಯದಲ್ಲಿ ಯಾರಾದ್ರೂ ಬಂದು ವಿಚಾರಿಸಿದ್ರೆ ಕಷ್ಟ ಅಲ್ವಾ, ಅದಕ್ಕೆ ನಾನು ಶನಿವಾರ ಬರೋದು ನಿಲ್ಲಿಸ್ತೀನಿ. ಬಾಯ್ಲರ್‌ಗೆ ಯಾರನ್ನಾದ್ರೂ ಹುಡುಗನ್ನ ಕಳಿಸ್ತೀನಿ. ನಮ್ಮಮ್ಮಂಗೆ ನಾನೇ ಹೇಳ್ತೀನಿ, ಕೇಳಿದ್ರೆ ಗೊತ್ತಿಲ್ಲ ಅನ್ನು ಅಂತ. ಅವಳು ಪಾದ್ರಿ ಹತ್ರನೇ ಸಲೀಸಾಗಿ ಸುಳ್ಳು ಹೇಳ್ತಾಳೆ. ನೀನು ಓದಿ ಮುಗಿಸೋವರೆಗೂ ತಾನೆ? ನಾಲ್ಕು ವರ್ಷ ಏನು ಮಹಾ. ನಿಮ್ಮಮ್ಮಂಗೂ ನೆಮ್ಮದಿ.’ ಅವನು ಇನ್ನೊಮ್ಮೆ ಕಾಗದದ ಕಡೆ ನೋಡಿದ, ತನ್ನ ಹೆಸರಿನ ಮೇಲೆ ಬೆರಳಾಡಿಸಿದ, ತನಗೆ ಯಾರೋ ಕೊಟ್ಟ ಸರ್ಟಿಫಿಕೇಟನ್ನು ನೋಡುವವನ ಹಾಗೆ. ‘ನಿನಗೋಸ್ಕರ ಇಷ್ಟೂ ಮಾಡಲ್ವಾ ನಾನು?’

ಅವಳು ಅವನನ್ನೇ ನೋಡುತ್ತಿದ್ದಳು. ಅವನು ಕೊಡುತ್ತಿದ್ದ, ಮನಸಾರೆ ಕೊಡುತ್ತಿದ್ದ, ಇದರಲ್ಲಿ ಮೋಸವಿರಲಿಲ್ಲ. ಕಣ್ಣಂಚು ಕೂಡ ಒದ್ದೆಯಾಗಿತ್ತು. ಮೆಟ್ಟಿಲು ಹತ್ತಬೇಡ ಅಂದಾಗಲೂ ಹೀಗೆಯೇ ಒಪ್ಪಿರಬೇಕು, ಹೀಗೆಯೇ ಮುಖ ಹಗುರಾಗಿರಬೇಕು. ಎಲ್ಲರೂ ಅದನ್ನು ಅವನಿಗೆ ಕೊಟ್ಟ ಶಿಕ್ಷೆ ಎಂದುಕೊಂಡಿದ್ದರು. ಅವಳ ಕಣ್ಣಮುಂದೆ ಗಾಜಿನ ಪೆಟ್ಟಿಗೆ ಬಂತು, ಉರುಳೆ ಬಂತು, ಸದ್ದಿಲ್ಲದ ಆ ತಳಕೋಣೆ. ಅಲ್ಲಿಗೂ ಇಲ್ಲಿಗೂ ನಡುವೆ ಈಗ ಒಂದು ಗೀಟು ಮಾತ್ರ ಇತ್ತು, ಎಲ್ಲರೂ ಒಪ್ಪಿದ್ದರು, ಮಿಸ್ ಕ್ವಿಗ್ಲಿ, ಅಮ್ಮ, ಕಾಣೆಯಾಗಬೇಕಾದವನು ಸ್ವತಃ. ಬೇರೆ ದಾರಿಯೆಂದರೆ ಸರ್ಕಾರಿ ಕಾಲೇಜಿನ ಬಸ್ಸು, ಸಾಲ, ಬೇಡದ ವಿಷಯ, ಇದೇ ಮೆಟ್ಟಿಲು. ಅದೂ ಅವಳಿಗೆ ಸ್ಪಷ್ಟವಾಗಿ ಕಾಣಿಸಿತು, ಬಸ್ಸಿನ ಸೀಟಿನ ಹರಿದ ರೆಕ್ಸಿನ್ನಿನವರೆಗೆ.

‘ಅಪ್ಪ, ಫಾರಂ ತುಂಬು,’ ಅಂದಳು. ‘ನೀನು ಇದ್ದೀಯ. ಕಮ್ಮಿ ದುಡೀತೀಯ. ಅಷ್ಟು ಬರಿ.’

‘ಅದೆಲ್ಲ ಯಾಕೆ, ಇದೇ ಸಲೀಸಾಗಿದೆಯಲ್ಲ?’ ಅವನು ಕಾಗದವನ್ನು ಮೆಷಿನ್ನಿನ ಮೇಲೆ ಹರಡಿ ಅಂಗೈಯಿಂದ ಮಡಿಕೆಗಳನ್ನು ತೀಡಿದ, ಗೋಡೆ ತೀಡುವ ಅದೇ ಕೈಚಳಕದಲ್ಲಿ. ಕಿವಿಯ ಹಿಂದಿನಿಂದ ಕೆಲಸದ ಚಪ್ಪಟೆ ಪೆನ್ಸಿಲು ತೆಗೆದ, ಪೆನ್ಸಿಲಿನಲ್ಲಿ ಆಗುತ್ತದೋ ಇಲ್ಲವೋ ಎಂದು ಒಂದು ಕ್ಷಣ ಅನುಮಾನಿಸಿದ, ಜೇಬು ತಡವಿ ಒಂದು ಪೆನ್ನು ಹುಡುಕಿದ, ಅಂಗೈಗೆ ಗೀಚಿ ಮಸಿ ಬರುತ್ತದೆಂದು ಖಾತ್ರಿ ಮಾಡಿಕೊಂಡು ಅವಳ ಕಡೆ ಚಾಚಿದ. ಏಳು ವರ್ಷಗಳಲ್ಲಿ ಅವನ ಕೈ ಅವಳ ಕೈಗೆ ಇಷ್ಟು ಹತ್ತಿರ ಬಂದಿರಲಿಲ್ಲ. ‘ಇಲ್ಲಿ ನೋಡು, ಗೆರೆ ಹಾಕಿದ್ದಾರಲ್ಲ, ಇಲ್ಲಿ. ಹಾಕಮ್ಮ.’

‘ಹಾಕಲ್ಲ,’ ಅಂದಳು ಇಡಾಲಿನಾ.